ಹೊಟ್ಟೆಯೊಳಗಿನ ಕ್ರಿಮಿ, ಗೋದಲಿಯೊಳಗಿನ ಕಾರಣ



ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ನಾಡಿಗೆಲ್ಲ ಪರಿಚಿತವಾದ ನಮ್ಮ ವಿಜಯಪುರದಲ್ಲಿ ಹಾಲು ಉತ್ಪಾದಕರ, ರೇಷ್ಮೆ ಬೆಳೆಗಾರರ, ಕುರಿ ಸಾಕುವವರ ಈ ಸಮಾವೇಶದ ಅಧ್ಯಕ್ಷತೆ ವಹಿಸಲು ಕರೆದಿದ್ದೀರಿ. ಪಶುವೈದ್ಯನಾಗಿ ದುಡಿದು ನಿವೃತ್ತನಾದವನಿಗೆ ಇದು ದೊಡ್ಡ ಗೌರವ. ನನ್ನ ಭಾಷಣವನ್ನು ಊಟಕ್ಕೆ ಮುಂಚೆ ಇಟ್ಟಿದ್ದಾರೆ. ಹಸಿದ ಹೊಟ್ಟೆಗಳ ಮುಂದೆ ಹೊಟ್ಟೆಯ ವಿಷಯವನ್ನೇ ಮಾತಾಡಿಬಿಡುತ್ತೇನೆ.

ಸಾಕುಪ್ರಾಣಿಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಮತ್ತು ಅವು ತರುವ ರೋಗಗಳು ಇಂದಿನ ವಿಷಯ. ಈ ಕ್ರಿಮಿಗಳಲ್ಲಿ ಹೆಚ್ಚಿನವು ಎಲ್ಲಿಂದಲೋ ಬಂದು ಮೇಲೆ ಬಿದ್ದ ಶತ್ರುಗಳಲ್ಲ. ಅವು ಪ್ರಾಣಿ ಹುಟ್ಟಿದ ದಿನದಿಂದಲೇ ಒಳಗೆ ಬೀಡುಬಿಟ್ಟಿರುತ್ತವೆ. ಹಸುವಿನ ಮೊದಲ ಹೊಟ್ಟೆಯಾದ ರೂಮೆನ್ನು ನೂರು ಲೀಟರಿಗೂ ಮೀರಿ ಹಿಡಿಸುತ್ತದೆ. ಅದರ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾ ಇರುತ್ತವೆ. ರಾಗಿ ಹುಲ್ಲಿನ ನಾರನ್ನು ಒಡೆಯುವ ಶಕ್ತಿ ಹಸುವಿಗೆ ಸ್ವತಃ ಇಲ್ಲ, ಆ ಕೆಲಸವನ್ನು ಮಾಡಿಕೊಡುವುದು ಈ ಜೀವಿಗಳೇ. ಡೇರಿಗೆ ನಾವು ಹಾಕುವ ಹಾಲಿನಲ್ಲಿ ಅವುಗಳ ದುಡಿಮೆಯೂ ಸೇರಿದೆ. ಇಷ್ಟು ಉಪಕಾರಿಗಳ ನಡುವೆಯೇ ಕೆಲವು ಕೇಡಿಗಳೂ ತಲೆ ತಗ್ಗಿಸಿಕೊಂಡು ಇರುತ್ತವೆ. ಅವು ತಲೆ ಎತ್ತುವಂತೆ ಮಾಡುವವರು ಬಹುತೇಕ ನಾವೇ. ಇವತ್ತು ನಾನು ಹೇಳಬೇಕಾದ ಮಾತು ಇದೊಂದೇ.

ಜಾನುವಾರು ಗಣತಿಯಲ್ಲಿ ಲೆಕ್ಕಕ್ಕೆ ಸೇರದ, ಆದರೆ ಈ ಊರಿನ ಒಲೆ ಉರಿಸುವ ಸಾಕುಪ್ರಾಣಿಯಿಂದಲೇ ಶುರು ಮಾಡೋಣ. ರೇಷ್ಮೆ ಹುಳುವಿಗೆ ಸಪ್ಪೆ ರೋಗ ಬಂದರೆ ಹೇಗಿರುತ್ತದೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದು ಭರಾಟೆಯಿಂದ ಸೊಪ್ಪು ಮೇಯಬೇಕಾದ ಹುಳು ಸೊಪ್ಪಿನ ಮೇಲೆ ಸುಮ್ಮನೆ ಮಲಗುತ್ತದೆ. ಎದೆಯ ಭಾಗ ಉಬ್ಬಿ ಬೆಳಕು ಹಾಯುವಂತಾಗುತ್ತದೆ, ಬಾಯಿಂದ ರಸ ಕಾರುತ್ತದೆ. ಆರೋಗ್ಯವಂತ ಹುಳುವಿನ ಹಿಕ್ಕೆ ಆರು ಮೂಲೆಯ ಒಣ ಕಾಳು. ಸಪ್ಪೆ ಹುಳುವಿನದು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು ಸರದ ಹಾಗೆ ಬರುತ್ತದೆ. ಸತ್ತ ಹುಳು ಕಪ್ಪಾಗಿ, ಮುಟ್ಟಿದರೆ ಒಡೆದು ನಾರುತ್ತದೆ.

ರೇಷ್ಮೆ ಹುಳುವಿನ ಕರುಳು ಕ್ಷಾರಗುಣದ್ದು. ಆ ಕ್ಷಾರ ಮತ್ತು ಜೀರ್ಣರಸ ಎರಡೂ ಸೇರಿ ಸೊಪ್ಪಿನೊಡನೆ ಒಳಹೊಕ್ಕ ಬ್ಯಾಕ್ಟೀರಿಯಾಗಳನ್ನು ಹತೋಟಿಯಲ್ಲಿಡುತ್ತವೆ. ಹುಳು ಬಳಲಿದರೆ ಆ ಹತೋಟಿ ತಪ್ಪುತ್ತದೆ. ಹುಳುವನ್ನು ಬಳಲಿಸುವುದು ಯಾವುದು? ಬೆಳಿಗ್ಗೆ ಕೊಯ್ದು ಗೋಣಿಚೀಲಕ್ಕೆ ತುರುಕಿದ ಸೊಪ್ಪು ಮಧ್ಯಾಹ್ನಕ್ಕೆ ಒಳಗೊಳಗೇ ಬಿಸಿಯಾಗಿರುತ್ತದೆ. ಮಳೆಯಲ್ಲಿ ನೆಂದ ಸೊಪ್ಪನ್ನು ಆರಿಸದೆ ಹಾಕುತ್ತೇವೆ. ನೂರು ಮೊಟ್ಟೆಯ ಜಾಗದಲ್ಲಿ ನೂರೈವತ್ತು ಮೊಟ್ಟೆಯ ಹುಳು ಬಿಡುತ್ತೇವೆ. ಬೆಳೆದ ಹುಳುವಿಗೆ 24-25 ಡಿಗ್ರಿ ಉಷ್ಣತೆ, ಶೇಕಡ 70 ತೇವಾಂಶ ಬೇಕು. ನಾವಾದರೋ ಚಳಿಗೆ ಹೆದರಿ ಕಿಟಕಿ ಮುಚ್ಚಿ, ಗಾಳಿಯೇ ಆಡದಂತೆ ಮಾಡುತ್ತೇವೆ.

ಈ ರೋಗದ ಕಾರಣವನ್ನು ಗಂಭೀರವಾಗಿ ಹುಡುಕಿದವರಲ್ಲಿ ಲೂಯಿ ಪಾಶ್ಚರ್ ಪ್ರಮುಖರು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮ ನೆಲಕಚ್ಚಿದ್ದಾಗ ಸರ್ಕಾರ ಅವರನ್ನು ಆಲೆಸ್ ಎಂಬ ಊರಿಗೆ ಕಳುಹಿಸಿತು. ಒಂದೇ ಎಂದುಕೊಂಡಿದ್ದ ರೋಗ ಎರಡು ಎಂದು ಅವರು ಕಂಡುಕೊಂಡರು. ಗಂಟು ರೋಗಕ್ಕೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ಕೊಟ್ಟರು. ನಮ್ಮ ಬಿತ್ತನೆ ಮೊಟ್ಟೆ ಕೇಂದ್ರಗಳು ಇಂದಿಗೂ ಅದನ್ನೇ ನಂಬಿವೆ. ಸಪ್ಪೆ ರೋಗದಲ್ಲಿ ಮಾತ್ರ ಕರುಳಿನಲ್ಲಿ ಹುಳಿಯುತ್ತಿರುವ ಸೊಪ್ಪನ್ನೂ ಅದರೊಳಗೆ ಕಿಕ್ಕಿರಿದ ಸೂಕ್ಷ್ಮಜೀವಿಗಳನ್ನೂ ಕಂಡರು. ಅದಕ್ಕೆ ಅವರು ಹೇಳಿದ ಪರಿಹಾರದಲ್ಲಿ ಒಳ್ಳೆಯ ಸೊಪ್ಪು, ಗಾಳಿ, ಶುಚಿ ಇವೇ ಮುಖ್ಯ. 1870ರಲ್ಲಿ ಅವರ ಗ್ರಂಥ ಹೊರಬಂತು. ಕ್ರಿಮಿಯೇ ರೋಗಕ್ಕೆ ಕಾರಣ ಎಂಬ ಸಿದ್ಧಾಂತಕ್ಕೆ ಬುನಾದಿ ಹಾಕಿದ್ದರಲ್ಲಿ ನಿಮ್ಮ ಮನೆಯ ಹುಳುವಿಗೂ ಪಾಲಿದೆ.

ಇನ್ನೊಂದು ವಿಷಯ ಅಕ್ಕಪಕ್ಕದ ಹೊಲದವರು ಕೇಳಬೇಕಾದದ್ದು. 1901ರಲ್ಲಿ ಜಪಾನಿನ ಇಶಿವಾತ ಎಂಬ ವಿಜ್ಞಾನಿ ದಿಢೀರನೆ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಹತ್ತು ವರ್ಷದ ನಂತರ ಜರ್ಮನಿಯ ಥುರಿಂಗಿಯಾದಲ್ಲಿ ಅಂಥದೇ ಜೀವಿ ಸಿಕ್ಕಿತು. ಬಿಟಿ ಹತ್ತಿಯ ಬಿಟಿ ಎಂದರೆ ಅದೇ. ಅದರೊಳಗಿನ ವಿಷದ ಹರಳು ಕ್ಷಾರದಲ್ಲಿ ಕರಗಿ ಹುಳುವಿನ ಕರುಳನ್ನು ತೂತು ಮಾಡುತ್ತದೆ. ಎಲೆಕೋಸಿನ ಹುಳುವಿಗೆ ಹೊಡೆಯುವ ಬಿಟಿ ಪುಡಿ ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆಯ ಮೇಲೆ ಕೂತರೆ, ಹುಳು ಮನೆಯಲ್ಲಿ ಬೆಳೆ ಮುಗಿದಂತೆ. ಸಾವಯವ ಔಷಧ, ಅಪಾಯವಿಲ್ಲ ಎಂಬ ಮಾತು ಮನುಷ್ಯರಿಗೂ ದನಕ್ಕೂ ಸರಿ, ರೇಷ್ಮೆ ಹುಳುವಿಗಲ್ಲ.

ಇನ್ನು ಕುರಿಗಳ ಕರುಳು ಬೇನೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಡಿ ಬಗೆ ಇದಕ್ಕೆ ಕಾರಣ. ಆರೋಗ್ಯವಾಗಿರುವ ಕುರಿಯ ಕರುಳಿನಲ್ಲೂ ಅದು ಅಷ್ಟಿಷ್ಟು ಇರಬಹುದು. ಮುಂಗಾರು ಬಿದ್ದು ಎಳೆ ಹುಲ್ಲು ಚಿಗುರಿದಾಗ, ಇಲ್ಲವೇ ಬಕ್ರೀದಿಗೋ ಊರ ಹಬ್ಬಕ್ಕೋ ಕೊಬ್ಬಿಸಲು ಟಗರಿಗೆ ಒಮ್ಮೆಲೇ ಮುಸುಕಿನ ಜೋಳ ಸುರಿದಾಗ, ಜೀರ್ಣವಾಗದ ಪಿಷ್ಟ ಸಣ್ಣ ಕರುಳಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಅದು ಹಬ್ಬದೂಟ. ಗಂಟೆಗಳಲ್ಲಿ ಅದು ಕೋಟಿಗಟ್ಟಲೆ ಆಗಿ ಎಪ್ಸಿಲಾನ್ ಎಂಬ ವಿಷ ಬಿಡುತ್ತದೆ. ಹೊರಬಂದಾಗ ಆ ವಿಷಕ್ಕೆ ಬಲವಿರುವುದಿಲ್ಲ. ಕುರಿಯ ಸ್ವಂತ ಜೀರ್ಣರಸವೇ ಅದನ್ನು ಕತ್ತರಿಸಿ ಹರಿತ ಮಾಡುತ್ತದೆ. ಆಮೇಲೆ ಅದು ರಕ್ತಕ್ಕಿಳಿದು ಮೆದುಳು, ಮೂತ್ರಪಿಂಡಗಳಿಗೆ ಪೆಟ್ಟು ಕೊಡುತ್ತದೆ.

ಸಂಜೆ ಚೆನ್ನಾಗಿ ಮೇದು ಬಂದ ಮರಿ ಬೆಳಿಗ್ಗೆ ಕತ್ತು ಹಿಂದಕ್ಕೆ ಸೆಟೆದು ಸತ್ತಿರುತ್ತದೆ. ಅದೂ ಮಂದೆಯಲ್ಲೇ ಚೆನ್ನಾಗಿ ಕೊಬ್ಬಿದ ಮರಿ. ಹಾವು ಮುಟ್ಟಿತು ಎನ್ನುತ್ತಾರೆ, ದೃಷ್ಟಿಯಾಯಿತು ಎನ್ನುತ್ತಾರೆ. ಹೊಟ್ಟೆ ಸೀಳಿ ನೋಡಿದರೆ ಮೂತ್ರಪಿಂಡ ಬೆರಳಿಗೆ ಕಲಸಿಬರುವಷ್ಟು ಮೆತ್ತಗಾಗಿರುತ್ತದೆ, ಗಂಜಲದಲ್ಲಿ ಸಕ್ಕರೆ ಅಂಶ ಸಿಗುತ್ತದೆ. ಚೆನ್ನಾಗಿ ತಿಂದದ್ದೇ ಆ ಮರಿಗೆ ಮುಳುವಾಗಿರುತ್ತದೆ.

ಈ ಬೇನೆಗೆ ಚಿಕಿತ್ಸೆ ಮಾಡಲು ಸಮಯ ಸಿಗುವುದು ಅಪರೂಪ, ಲಸಿಕೆ ಮಾತ್ರ ಕೈ ಹಿಡಿಯುತ್ತದೆ. ಆ ಲಸಿಕೆಯನ್ನು ತಯಾರಿಸುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ನಮ್ಮಿಂದ ದೂರವಿಲ್ಲ, ಹೆಬ್ಬಾಳದಲ್ಲಿದೆ. ದನಗಳ ಪಿಡುಗಾಗಿದ್ದ ದೊಡ್ಡರೋಗದ ವಿರುದ್ಧ ಸೀರಂ ತಯಾರಿಸಲೆಂದು 1925ರಲ್ಲಿ ಮೈಸೂರು ಸೀರಂ ಇನ್ಸ್‌ಟಿಟ್ಯೂಟ್ ಎಂಬ ಹೆಸರಿನಲ್ಲಿ ಅದು ಹುಟ್ಟಿತು. ಆ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ತೊಲಗಿತು. ಅಂಥ ಪರಂಪರೆ ಬಾಗಿಲಲ್ಲಿದ್ದರೂ ನಮ್ಮವರು ಲಸಿಕೆ ಕೇಳುವುದು ಎರಡು ಮರಿ ಸತ್ತ ಮೇಲೆ. ಮುಂಗಾರಿಗೆ ಮುಂಚೆ ಹಾಕಿಸಿ, ಮೊದಲ ಬಾರಿ ಹಾಕಿಸಿಕೊಂಡ ಮರಿಗಳಿಗೆ ಎರಡು ವಾರ ಬಿಟ್ಟು ಇನ್ನೊಂದು ಸಲ ಹಾಕಿಸಬೇಕು. ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಯಾವ ಜಿಲ್ಲೆಗೆ ಯಾವ ಜಾನುವಾರು ರೋಗ ಬರುವ ಸಂಭವವಿದೆ ಎಂದು ಮುಂಚಿತವಾಗಿ ತಿಳಿಸುತ್ತದೆ. ಕರುಳು ಬೇನೆಯೂ ಆ ಪಟ್ಟಿಯಲ್ಲಿದೆ. ಆ ಮುನ್ಸೂಚನೆ ಇಲಾಖೆಯ ಕಡತದಲ್ಲಿ ಉಳಿದರೆ ಪ್ರಯೋಜನವೇನು?

ಹಸುವಿನ ಕಥೆಯೂ ಇದೇ ದಾರಿಯದು. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಚೆಲ್ಲಲು ಮನಸ್ಸಾಗದೆ ಕೊಟ್ಟಿಗೆಗೆ ತರುತ್ತೇವೆ. ಪಿಷ್ಟವನ್ನು ನೆಚ್ಚಿಕೊಂಡ ಬ್ಯಾಕ್ಟೀರಿಯಾ ಹಠಾತ್ತನೆ ಹೆಚ್ಚಿ, ಲ್ಯಾಕ್ಟಿಕ್ ಆಮ್ಲ ತುಂಬಿ, ನಾರು ಒಡೆಯುವ ಉಪಕಾರಿಗಳು ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ಹಸು ಮಲಗಿದರೆ ಏಳುವುದಿಲ್ಲ. ಅಂಥ ಹಸುವಿಗೆ ಆರೋಗ್ಯವಂತ ಹಸುವಿನ ರೂಮೆನ್ ರಸ ತೆಗೆದು ಕುಡಿಸುವ ಚಿಕಿತ್ಸೆ ಪಶುವೈದ್ಯರಲ್ಲಿದೆ. ಸತ್ತ ಜೀವಿಗಳ ಜಾಗಕ್ಕೆ ಹೊಸ ಜೀವಿಗಳನ್ನು ತುಂಬಿಕೊಡುವುದು ಅದರ ಉದ್ದೇಶ.

ನಮ್ಮ ತಾಲ್ಲೂಕಿನಲ್ಲಿ ಇಂಥ ಕೇಸುಗಳಿಗೆ ಹಿನ್ನೆಲೆಯೂ ಇದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಲೇಔಟುಗಳು ಬಂದವು, ಗೋಮಾಳ ಕರಗಿತು. ಅಡ್ಡಾಡಿ ಬಗೆಬಗೆಯ ಸೊಪ್ಪುಸದೆ ಮೇಯುತ್ತಿದ್ದ ದನ ಈಗ ಗೂಟದಲ್ಲಿದೆ. ಅದರ ಹೊಟ್ಟೆಗೆ ಏನು ಹೋಗಬೇಕು, ಎಷ್ಟು ಹೋಗಬೇಕು ಎಂಬ ಪೂರ್ತಿ ಜವಾಬ್ದಾರಿ ನಮ್ಮ ತಲೆಯ ಮೇಲೆ ಬಂದಿದೆ. ಹೊಸ ಮೇವನ್ನು ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಹುಳು ಮನೆಯಿಂದ ಬಂದ ಹಿಪ್ಪುನೇರಳೆ ಕಡ್ಡಿಸೊಪ್ಪು ಒಳ್ಳೆಯ ಮೇವೇ, ಅದಕ್ಕೂ ಇದೇ ನಿಯಮ.

ತಾಯಂದಿರೇ, ಈಗ ಹೇಳುವುದು ನಿಮ್ಮ ಅಧಿಕಾರದಲ್ಲಿರುವ ವಿಷಯ. ಎಳೆಗರುವಿನ ಭೇದಿಗೆ ಮುಖ್ಯ ಕಾರಣಗಳಲ್ಲಿ ಒಂದು ಇ. ಕೋಲೈ ಬ್ಯಾಕ್ಟೀರಿಯಾ. 1885ರಲ್ಲಿ ಥಿಯೋಡೋರ್ ಎಶೆರಿಕ್ ಎಂಬ ವೈದ್ಯರು ಇದನ್ನು ಮೊದಲು ಕಂಡದ್ದು ಮಕ್ಕಳ ಮಲದಲ್ಲಿ. ಇದರಲ್ಲಿ ಬಹುಪಾಲು ನಿರಪಾಯಕಾರಿ. ಕೆಲವು ಬಗೆಗಳು ಮಾತ್ರ ಹುಟ್ಟಿದ ಮೂರು ನಾಲ್ಕು ದಿನಗಳಲ್ಲಿ ಕರುಳ ಗೋಡೆಗೆ ಅಂಟಿಕೊಂಡು ವಿಷ ಬಿಟ್ಟು, ಕರುವಿನ ಮೈಯ ನೀರನ್ನೆಲ್ಲ ಹೊರಕ್ಕೆ ಸುರಿಸುತ್ತವೆ. ತಡೆಯುವ ಶಕ್ತಿ ಗಿಣ್ಣು ಹಾಲಿನಲ್ಲಿದೆ. ಅದರ ರೋಗನಿರೋಧಕ ಅಂಶಗಳನ್ನು ಹಾಗೆಯೇ ಹೀರಿಕೊಳ್ಳುವ ಬಾಗಿಲು ಕರುವಿನ ಕರುಳಿನಲ್ಲಿ ಒಂದು ದಿನ ಮಾತ್ರ ತೆರೆದಿರುತ್ತದೆ, ಗಂಟೆಗಂಟೆಗೂ ಮುಚ್ಚುತ್ತಾ ಬರುತ್ತದೆ. ಕಸ ಬೀಳುವ ತನಕ ಹಾಲು ಕರೆಯಬಾರದು ಎಂದು ಕಾಯುವ ಮನೆಯಲ್ಲಿ ಕರು ಆ ಬಾಗಿಲನ್ನೇ ಕಳೆದುಕೊಳ್ಳುತ್ತದೆ. 25 ಕಿಲೋ ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಗಿಣ್ಣು ಹಾಲು ಬೇಕು, ಮೊದಲ ಕಂತು ಹುಟ್ಟಿದ ಒಂದೆರಡು ಗಂಟೆಯೊಳಗೆ. ಬೆಲ್ಲ ಏಲಕ್ಕಿ ಹಾಕಿದ ಗಿಣ್ಣು ನನಗೂ ಇಷ್ಟ. ಕರುವಿನ ಪಾಲು ಮುಗಿದ ಮೇಲೆ ಮಾಡಿ, ನೆರೆಮನೆಗೂ ಹಂಚಿ.

ಭೇದಿ ಹತ್ತಿದ ಕರು ಸಾಯುವುದು ಬಹುಮಟ್ಟಿಗೆ ನೀರು, ಉಪ್ಪು ಕಳೆದುಕೊಂಡು. ಕರುಳಿನ ವಿಷವೇ ನೀರನ್ನು ಸುರಿಸುತ್ತದೆ ಎಂಬುದನ್ನು ಕಾಲರಾದಲ್ಲಿ ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ ತೋರಿಸಿದವರು ಕಲ್ಕತ್ತೆಯ ಶಂಭುನಾಥ ಡೇ. ಅವರ ಪ್ರಸಿದ್ಧ ಪ್ರಬಂಧ 1959ರದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಾಲನೋಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. ಕರುವಿಗೂ ಅದೇ ತತ್ವ. ಡಾಕ್ಟರು ಬರುವ ತನಕ ಓಆರ್‌ಎಸ್ ನೀರು ಕುಡಿಸುತ್ತಿರಿ.

ಆದರೆ ನಾವು ಮೊದಲು ಓಡುವುದು ಮೆಡಿಕಲ್ ಅಂಗಡಿಗೆ, ಆಂಟಿಬಯಾಟಿಕ್ ಮಾತ್ರೆಗೆ. ಸಪ್ಪೆ ರೋಗಕ್ಕೂ ಸೊಪ್ಪಿನ ಮೇಲೆ ಅದನ್ನೇ ಚಿಮುಕಿಸುವವರಿದ್ದಾರೆ. ಸೂಜಿ ಹಾಕಿಸಿದ ಹಸುವಿನ ಹಾಲಿಗೆ ಎಷ್ಟು ಹೆಪ್ಪು ಬಿಟ್ಟರೂ ಮೊಸರಾಗದೆ ಇರುವುದನ್ನು ಕಂಡವರು ಇಲ್ಲಿದ್ದೀರಿ. ಹೆಪ್ಪಿನ ಬ್ಯಾಕ್ಟೀರಿಯಾವನ್ನು ಕೊಂದ ಅದೇ ಔಷಧ ಹಸುವಿನ ಹೊಟ್ಟೆಯ ಉಪಕಾರಿಗಳನ್ನೂ ಕೊಲ್ಲುತ್ತದೆ, ಕೊಲ್ಲಲಾಗದ್ದನ್ನು ಬಲಪಡಿಸುತ್ತದೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಮೀರಿ ನಿಲ್ಲುವ ಜೀನು 2015ರಲ್ಲಿ ಚೀನಾದ ಹಂದಿಗಳಲ್ಲೂ ಜನರಲ್ಲೂ ಪತ್ತೆಯಾಯಿತು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಕೊಟ್ಟಿಗೆಯಲ್ಲಿ ಬಲಿತ ಕ್ರಿಮಿ ನಮ್ಮ ಮಕ್ಕಳ ವಾರ್ಡಿಗೆ ಬರಲು ಹೆಚ್ಚು ದೂರವಿಲ್ಲ.

ಹೊರಗಿನಿಂದ ಬರುವ ಕರುಳು ರೋಗಗಳೂ ಇವೆ. ಕೋಳಿಮರಿಗಳ ಬಿಳಿ ಭೇದಿ ತಾಯಿಯಿಂದ ಮೊಟ್ಟೆಯ ಮೂಲಕವೇ ಬರುತ್ತದೆ. ಜೋನ್ಸ್ ರೋಗ ಎಳೆತನದಲ್ಲಿ ಅಂಟಿ, ವರ್ಷಗಳ ನಂತರ ನಿಲ್ಲದ ಭೇದಿಯಾಗಿ ಹಸುವನ್ನು ಮೂಳೆ ಚಕ್ಕಳ ಮಾಡುತ್ತದೆ. ಘಾಟಿಯ ದನಗಳ ಜಾತ್ರೆಯಲ್ಲಿ ಕೊಂಡರೂ ಸಂತೆಯಲ್ಲಿ ಕೊಂಡರೂ ಹೊಸ ರಾಸನ್ನು ಮೂರು ವಾರ ಬೇರೆ ಕಟ್ಟಿ, ಭೇದಿಯಿದ್ದರೆ ಸಗಣಿ ಪರೀಕ್ಷೆ ಮಾಡಿಸಿ. ಕ್ರಿಮಿ ನೀರಿನಿಂದಲೂ ಬರಬಹುದು. ಹೆಬ್ಬಾಳ–ನಾಗವಾರ ಕಣಿವೆಯಿಂದ ನಮ್ಮ ಕೆರೆಗಳಿಗೆ ಬಂದ ಸಂಸ್ಕರಿಸಿದ ಕೊಳಚೆ ನೀರು ಅಂತರ್ಜಲ ತುಂಬಲೆಂದು ಬಂದದ್ದು. ದನಗಳಿಗೆ ತೊಟ್ಟಿಯ ನೀರನ್ನೇ ಕುಡಿಸಿ.

ಇಷ್ಟೆಲ್ಲ ಕೇಳಿ ಚಪ್ಪಾಳೆ ತಟ್ಟಿ ಎದ್ದುಹೋದರೆ ಸಮಾವೇಶದ ಖರ್ಚು ದಂಡ. ಆದ್ದರಿಂದ ಐದು ನಿರ್ಣಯಗಳನ್ನು ಮುಂದಿಡುತ್ತೇನೆ. ಒಂದು, ಪ್ರತಿ ಹಳ್ಳಿಯೂ ಮುಂಗಾರಿಗೆ ಮುಂಚೆ ಒಂದು ದಿನ ಗೊತ್ತುಮಾಡಿ, ಎಲ್ಲ ಕುರಿ ಮೇಕೆಗಳಿಗೂ ಒಟ್ಟಿಗೆ ಕರುಳು ಬೇನೆ ಲಸಿಕೆ ಹಾಕಿಸಲಿ. ಎರಡು, ನಿವೇದಿಯ ಮುನ್ಸೂಚನೆಯನ್ನು ಪ್ರತಿ ತಿಂಗಳು ಹಾಲಿನ ಡೇರಿಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಮೂರು, ವೈದ್ಯರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಳ್ಳುವುದಿಲ್ಲ, ಸೂಜಿ ಹಾಕಿಸಿದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕುವುದಿಲ್ಲ ಎಂದು ಒಪ್ಪೋಣ. ನಾಲ್ಕು, ಬೆಳೆ ಮುಗಿದ ಮೇಲೆ ಇಡೀ ಬೀದಿಯ ಹುಳು ಮನೆಗಳನ್ನು ಶೇಕಡ 2ರ ಬ್ಲೀಚಿಂಗ್ ಪುಡಿ, ಶೇಕಡ 0.3ರ ಸುಣ್ಣದ ದ್ರಾವಣದಲ್ಲಿ ಒಟ್ಟಿಗೆ ತೊಳೆಯೋಣ, ಸತ್ತ ಹುಳುವನ್ನು ತಿಪ್ಪೆಗೆ ಎಸೆಯದೆ ಹೂಳೋಣ. ಐದು, ತರಕಾರಿಗೆ ಬಿಟಿ ಹೊಡೆಯುವವರು ಹಿಂದಿನ ದಿನವೇ ಪಕ್ಕದ ಹಿಪ್ಪುನೇರಳೆ ತೋಟದವರಿಗೆ ಹೇಳಲಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ. ಮುಂದಿನ ಸಮಾವೇಶದಲ್ಲಿ ಯಾರೇ ಅಧ್ಯಕ್ಷರಾಗಲಿ, ಅವರ ಭಾಷಣಕ್ಕಿಂತ ಮೊದಲು ಈ ಐದರಲ್ಲಿ ಎಷ್ಟು ನಡೆದವು, ಯಾವ ಹಳ್ಳಿಯಲ್ಲಿ ನಡೆದವು ಎಂಬ ವರದಿಯನ್ನು ಓದಿಸಿ. ನಡೆಯದಿದ್ದರೆ ಕಾರಣವನ್ನೂ ಇದೇ ವೇದಿಕೆಯ ಮೇಲೆ ಕೇಳಿ.