ಕಾಣದ ಬೀಜವನ್ನು ಒತ್ತಿ ನೋಡುವ ಬಗೆ



ಭಿವಂಡಿಯಲ್ಲಿ ಮಗ್ಗದ ಸದ್ದು ಎದ್ದರೆ ಪಕ್ಕದವರ ಮಾತೂ ಕೇಳಿಸದು. ಆದುದರಿಂದ ತುಸು ಗಟ್ಟಿಯಾಗಿಯೇ ಹೇಳುತ್ತೇವೆ.

ನೇಯ್ದ ಬಟ್ಟೆಯ ತಪಾಸಣೆಗೆ ನಾವೇನು ಮಾಡುತ್ತೇವೆ? ಬೆಳಕಿಗೆ ಹಿಡಿಯುತ್ತೇವೆ, ಎಳೆ ತಪ್ಪಿದ್ದರೆ ಬೆಳಕೇ ಹೇಳುತ್ತದೆ. ಆದರೆ ಪರಮಾಣುವಿನ ನಡುವಿನ ಬೀಜ ದೀಪದ ಬೆಳಕಿಗೆ ದಕ್ಕುವುದಲ್ಲ. ಅದಕ್ಕೆ ದೀಪದ ಬೆಳಕಿನ ಮೂರು ಕೋಟಿ ಪಾಲು ಶಕ್ತಿಯುಳ್ಳ ಗಾಮಾ ಕಿರಣ ಬೇಕು. ಆಗಲೂ ಚಿತ್ರ ಕಾಣುವುದಿಲ್ಲ. ಕಿರಣವು ಬೀಜವನ್ನು ಅಲುಗಿಸಿ ಚದರುತ್ತದೆ. ಚದರಿದ್ದನ್ನು ಎಣಿಸಿ ಒಳಗುಟ್ಟು ತಿಳಿಯಬೇಕು.

ಈ ವಿದ್ಯೆ ನಮಗೆ ತೀರ ಅಪರಿಚಿತವಲ್ಲ. 1923ರಲ್ಲಿ ಕಾಂಪ್ಟನ್ ಕ್ಷ-ಕಿರಣ ಚದರುವುದನ್ನು ವಿವರಿಸಿದ. 1928ರಲ್ಲಿ ಕಲ್ಕತ್ತೆಯಲ್ಲಿ ರಾಮನ್ನರು ಸಾಮಾನ್ಯ ಬೆಳಕಿನಿಂದ ತಮ್ಮ ಶೋಧವನ್ನು ಮಾಡಿದರು. 1933ರಿಂದ ಬೆಂಗಳೂರೇ ಅವರ ಮನೆಯಾಯಿತು.

ಗಾಮಾ ಕಿರಣದ ಈ ಕೆಲಸ ಅಮೆರಿಕದ ಡರ್ಹಮ್ ಊರಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಡೆದಿದೆ. ಅದೂ ಒಂದು ಕಾಲಕ್ಕೆ ಹತ್ತಿ ಗಿರಣಿಯ ಊರೇ! ಅಲ್ಲಿ ಎಲೆಕ್ಟ್ರಾನುಗಳನ್ನು ಬಳೆಯಂಥ ಕೊಳವೆಯಲ್ಲಿ ಓಡಿಸಿ, ಎದುರಿನಿಂದ ಲೇಸರ್ ಬೆಳಕನ್ನು ಬಿಡುತ್ತಾರೆ. ಎದುರು ಬರುವ ಲೋಕಲ್ ಗಾಡಿಗೆ ರಬ್ಬರ್ ಚೆಂಡು ಎಸೆದರೆ ಹೇಗೆ ಚಿಮ್ಮೀತು? ಹಾಗೆಯೇ ಬೆಳಕು ಗಾಮಾ ಕಿರಣವಾಗಿ ಚಿಮ್ಮುತ್ತದೆ. ಅದು ಶೂನ್ಯಕ್ಕಿಂತ ಸುಮಾರು 269 ಡಿಗ್ರಿ ಕೆಳಗೆ ತಣಿಸಿದ ದ್ರವ ಹೀಲಿಯಂಗೆ ತಾಗುತ್ತದೆ.

ಹಗುರ ಬೀಜಗಳೇ ಏಕೆ? ಬೀಜದೊಳಗೆ ಪ್ರೋಟಾನು, ನ್ಯೂಟ್ರಾನು ಎಂಬ ಎರಡು ಜಾತಿಯ ಕಣಗಳಿವೆ. ನ್ಯೂಟ್ರಾನನ್ನು ಬಿಡಿಯಾಗಿಟ್ಟರೆ ಸರಾಸರಿ ಕಾಲು ಗಂಟೆಯಲ್ಲಿ ಒಡೆದುಹೋಗುತ್ತದೆ. ಆದುದರಿಂದ ಅದನ್ನು ಸಂಸಾರದಲ್ಲಿರುವಾಗಲೇ ನೋಡಬೇಕು. ಇಬ್ಬರಿರುವ ಖೋಲಿಯಲ್ಲಿ ಯಾರು ಮಾತಾಡಿದರೆಂದು ಹೊರಗಿನಿಂದಲೇ ಹೇಳಬಹುದು. ಇನ್ನೂರು ಜನರ ಚಾಳಿನಲ್ಲಿ ಹೇಳಲಾದೀತೆ? ಭಾರ ಜಲಜನಕದಲ್ಲಿ ಒಂದು ಪ್ರೋಟಾನು, ಒಂದು ನ್ಯೂಟ್ರಾನು. ಸಾಮಾನ್ಯ ಹೀಲಿಯಂನಲ್ಲಿ ಎರಡೆರಡು. ಸೀಸದಲ್ಲಿ ಇನ್ನೂರಕ್ಕೂ ಮೇಲೆ, ಲೆಕ್ಕಕ್ಕೆ ಸಿಗದ ಗದ್ದಲ.

ಅಳೆಯುವುದಾದರೂ ಏನನ್ನು? ಹೋಟೆಲಿನವರು ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡುತ್ತೀರಲ್ಲ, ಅದನ್ನೇ. ಕಿರಣದ ವಿದ್ಯುತ್ ಬಲ ಒತ್ತಿದಾಗ ಕಣ ಎಷ್ಟು ಬಗ್ಗುತ್ತದೆ? ಗಾತ್ರಕ್ಕೆ ಹೋಲಿಸಿದರೆ ಪ್ರೋಟಾನು ಇಡೀ ಪರಮಾಣುವಿಗಿಂತ ಸಾವಿರ ಪಾಲಿಗೂ ಮಿಗಿಲು ಗಟ್ಟಿ. ನ್ಯೂಟ್ರಾನಿನ ಅಂಕಿ ಅಷ್ಟು ಖಚಿತವಾಗಿ ಸಿಕ್ಕಿಲ್ಲ. ಜೋಡಿಯ ಲೆಕ್ಕದಿಂದ ಪ್ರೋಟಾನಿನ ಪಾಲನ್ನು, ಅವೆರಡನ್ನು ಕಟ್ಟಿಹಿಡಿದ ಬಲದ ಪಾಲನ್ನು ಕಳೆದೇ ಅದನ್ನು ಪಡೆಯಬೇಕು.

"ಇದರಿಂದ ಕೂಲಿ ಹೆಚ್ಚೀತೆ?" ಎಂದು ಒಬ್ಬರು ಕೇಳಿದರು. ಇಲ್ಲ, ಸುಳ್ಳು ಹೇಳೆವು. ಆದರೆ ಕೇಳಿ: ನ್ಯೂಟ್ರಾನು ಪ್ರೋಟಾನಿಗಿಂತ ಸಾವಿರಕ್ಕೆ ಒಂದೂವರೆ ಪಾಲಿನಷ್ಟೂ ಹೆಚ್ಚಿಲ್ಲ. ತಕ್ಕಡಿ ಅತ್ತ ವಾಲಿ ಪ್ರೋಟಾನೇ ಭಾರವಾಗಿದ್ದರೆ ಜಲಜನಕ ಉಳಿಯುತ್ತಿರಲಿಲ್ಲ; ಕುಡಿಯುವ ನೀರೂ ಇಲ್ಲ. ಆ ವ್ಯತ್ಯಾಸದಲ್ಲಿ ವಿದ್ಯುತ್ತಿನ ಪಾಲೆಷ್ಟೆಂದು ಲೆಕ್ಕ ಹಾಕುವವರಿಗೆ ಈ ಒತ್ತಿ ನೋಡಿದ ಅಂಕಿ ಬೇಕು.

ರಾತ್ರಿ ಪಾಳಿಯವರು ಹೊರಡುವ ಹೊತ್ತಾಯಿತು. ಪ್ರಶ್ನೆಯಿದ್ದವರು ಕೇಳಿ.