ಪಕ್ಕದ ಮೇಜಿನ ಹೊಗೆ

ಧೂಮಪಾನವೆಂದರೆ ಹೊಗೆಯನ್ನು ಕುಡಿಯುವುದು. ಕನ್ನಡಿಗರು ಬೀಡಿಯನ್ನು ಸೇದುತ್ತಾರೆ, ಬಾವಿಯಿಂದ ನೀರು ಸೇದಿದ ಹಾಗೆ. ಎರಡು ಮಾತಿನಲ್ಲಿಯೂ ಕರ್ತೃವಿನ ಇಚ್ಛೆ ಸ್ಪಷ್ಟವಾಗಿದೆ. ಆದರೆ ಹೋಟೆಲಿನಲ್ಲಿ ಪಕ್ಕದ ಮೇಜಿಗೆ ಕುಳಿತು ಉಪ್ಪಿಟ್ಟು ತಿನ್ನುತ್ತಿರುವವನು ಕುಡಿಯುವುದೂ ಇಲ್ಲ, ಸೇದುವುದೂ ಇಲ್ಲ. ಆದರೂ ಹೊಗೆ ಅವನ ಶ್ವಾಸಕೋಶವನ್ನು ಹೊಗುತ್ತದೆ. ಇದನ್ನು ಪರೋಕ್ಷ ಧೂಮಪಾನವೆಂದು ಕರೆಯುವುದು ರೂಢಿ. ಆ ಹೆಸರು ನನಗೆ ಒಪ್ಪಿಗೆಯಿಲ್ಲ. ಪರೋಕ್ಷವೆಂದರೆ ಕಣ್ಣಿಗೆ ಮರೆಯಾದದ್ದು. ಇಲ್ಲಿ ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ.

ಸೇದುವವನು ಒಳಗೆಳೆದು ಬಿಟ್ಟ ಹೊಗೆ ಒಂದು. ಎರಡು ದಮ್ಮುಗಳ ನಡುವೆ ಬೂದಿಬಟ್ಟಲಿನ ಅಂಚಿನಲ್ಲಿ ಸಿಗರೇಟು ತಾನೇ ಉರಿಯುತ್ತಿರುವಾಗ ಏಳುವ ಹೊಗೆ ಇನ್ನೊಂದು. ಈ ಎರಡನೆಯದು ಯಾವ ಫಿಲ್ಟರನ್ನೂ ಹಾದು ಬಂದುದಲ್ಲ. 1981ರಲ್ಲಿ ಜಪಾನಿನ ಹಿರಾಯಾಮ ಎಂಬ ವಿಜ್ಞಾನಿ, ತಾವು ಸೇದದಿದ್ದರೂ ಸೇದುವ ಗಂಡಂದಿರೊಡನೆ ಬಾಳಿದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರು ಹೆಚ್ಚೆಂದು ಪ್ರಕಟಿಸಿದರು. ವಾದವಿವಾದಗಳು ಬಹಳ ನಡೆದವು. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ, ಈ ಹೊಗೆಯಲ್ಲಿ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ಹೇಳಿತು.

ನನ್ನ ವಿದ್ಯಾರ್ಥಿದೆಸೆಯಲ್ಲಿ ಕಾಲೇಜಿನೆದುರಿನ ಹೋಟೆಲೇ ನಮ್ಮ ಎರಡನೆಯ ತರಗತಿ. ನವ್ಯಕಾವ್ಯವನ್ನು ಕುರಿತ ಚರ್ಚೆ ಏರಿದಷ್ಟೂ ಹೊಗೆ ದಟ್ಟವಾಗುತ್ತಿತ್ತು. ಅಸ್ತಿತ್ವದ ಆತಂಕಕ್ಕೂ ಸಿಗರೇಟಿಗೂ ಏನೋ ಬಿಡದ ನಂಟು! ನಾವಾದರೋ ಒಂದು ಗಂಟೆ ಕುಳಿತು ಎದ್ದು ಹೋಗುತ್ತಿದ್ದೆವು. ಮೇಜು ಒರೆಸುವ ಹುಡುಗ ಬೆಳಗಿನಿಂದ ದೀಪ ಆರುವವರೆಗೂ ಆ ಹೊಗೆಯಲ್ಲೇ ಇರುತ್ತಿದ್ದ.

ಕಾನೂನು ಹೋಟೆಲಿನ ಬಾಗಿಲಿಗೆ ತಡವಾಗಿ ಬಂದಿತು. 2001ರಲ್ಲಿ ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಗ್ರಂಥಾಲಯ, ರೈಲು ಮೊದಲಾದ ಕಡೆಗಳಲ್ಲಿ ಧೂಮಪಾನವನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಹೋಟೆಲು ಇರಲಿಲ್ಲ. 2003ರ ಕಾಯಿದೆಯಲ್ಲಿ ಅದು ಸೇರಿತು. ಆದರೆ 30 ಕೋಣೆಗಳಿರುವ ವಸತಿಗೃಹಕ್ಕೂ 30 ಆಸನಗಳಿರುವ ಉಪಾಹಾರಗೃಹಕ್ಕೂ ಸೇದುವವರಿಗಾಗಿ ಪ್ರತ್ಯೇಕ ಜಾಗ ಮಾಡಿಕೊಳ್ಳುವ ಅವಕಾಶವನ್ನು ಕೊಟ್ಟಿತು. ಅತಿಥಿಗಳ ಕುರ್ಚಿಗಳನ್ನೂ ಕೋಣೆಗಳನ್ನೂ ಎಣಿಸಿದ ಕಾಯಿದೆ ಅವುಗಳ ನಡುವೆ ಓಡಾಡುವವರನ್ನು ಎಣಿಸಲಿಲ್ಲ. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು, ಸೇದುವ ಕೋಣೆಗಳೆಲ್ಲ ಒಂದೇ ಪಾರ್ಶ್ವದಲ್ಲಿರಬೇಕು, ಅವುಗಳ ಹೊಗೆ ಪಡಸಾಲೆಗೆ ನುಸುಳಬಾರದು ಎಂದವು. ಸೇದುವ ಜಾಗದಲ್ಲಿ ತಿಂಡಿ-ಕಾಫಿ ಒದಗಿಸಕೂಡದೆಂಬ ಮಾತು ಸೇರಿದ್ದು 2017ರಲ್ಲಿ. ನಮ್ಮ ರಾಜ್ಯದಲ್ಲಿ 200 ರೂಪಾಯಿಗಳಷ್ಟಿದ್ದ ದಂಡದ ಮಿತಿ 2025ರಲ್ಲಿ 1000ಕ್ಕೆ ಏರಿತು.

ಪಡಸಾಲೆಗೆ ನುಸುಳಬಾರದೆಂದು ಹೊಗೆಗೆ ಆಜ್ಞಾಪಿಸುವುದು ಸುಲಭ. ಅಮೆರಿಕದ ಸ್ಯಾನ್ ಡಿಯಾಗೋ ನಗರದ ಹೋಟೆಲುಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕೆಲವು ಕೋಣೆಗಳಲ್ಲಷ್ಟೇ ಸೇದಲು ಬಿಡುವ ಹೋಟೆಲುಗಳ 'ಸೇದಬಾರದ' ಕೋಣೆಗಳಲ್ಲಿ ಕೂಡ, ಪೂರ್ಣ ನಿಷೇಧವಿರುವ ಹೋಟೆಲುಗಳಿಗಿಂತ ಹೆಚ್ಚಿನ ನಿಕೋಟಿನ್ ಗೋಡೆ, ಪೀಠೋಪಕರಣಗಳಿಗೆ ಅಂಟಿತ್ತು. ಅಲ್ಲಿ ತಂಗಿದ, ಸೇದದವರ ಬೆರಳುಗಳಲ್ಲಿಯೂ ಅದು ಸಿಕ್ಕಿತು. ಗೋಡೆಗೆ ಹಲಗೆ ತೂಗುಹಾಕಬಹುದು, ಹೊಗೆಗೆ ಅಕ್ಷರಾಭ್ಯಾಸವಾಗಿಲ್ಲ.

ಅತಿಥಿಯಾದರೋ ಒಂದು ರಾತ್ರಿ ತಂಗಿ ಬೆಳಿಗ್ಗೆ ಬಸ್ಸು ಹತ್ತುತ್ತಾನೆ. ಅವನು ಹೋದ ಮೇಲೆ ಹಾಸಿಗೆಯ ಹೊದಿಕೆ ತೆಗೆದು ಕೊಡವುವ, ಪರದೆ ಸರಿಸುವ, ಬಚ್ಚಲು ತೊಳೆಯುವ ಹೆಣ್ಣುಮಗಳು ಅದೇ ಸಾಲಿನ ಕೋಣೆಗಳಿಗೆ ದಿನವೂ ಹೋಗಬೇಕು. ಸೇದಬಹುದಾದ ಕೋಣೆ, ಸೇದಬಾರದ ಕೋಣೆ ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವಳಿಗಿಲ್ಲ.

ಭಾಷಣಕ್ಕೆಂದು ಪರಊರುಗಳಿಗೆ ಹೋದಾಗ, ನಿಮ್ಮಲ್ಲಿ ಸೇದುವ ಕೋಣೆಗಳಿವೆಯೇ ಎಂದು ನಾನು ಕೇಳುವುದುಂಟು. ಮೇಜಿನ ಹಿಂದಿನ ತರುಣ ವಿನಯದಿಂದ, "ನಿಮಗೆ ಕೊಟ್ಟಿರೋದು ಅದಲ್ಲ ಸಾರ್" ಎನ್ನುತ್ತಾನೆ. ಆ ಕೋಣೆಗಳನ್ನು ಗುಡಿಸುವವರು ಯಾರಪ್ಪಾ ಎಂದು ಕೇಳಿದರೆ ಮ್ಯಾನೇಜರನ್ನು ಕರೆಯುತ್ತಾನೆ.