ಕೊಳಗದ ಲೆಕ್ಕ ಕೇಳಿದ ಶಾಸಕ

(ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ರೈತ ಕಾರ್ಯಕರ್ತರ ಸಭೆಯಲ್ಲಿ ಶಾಂತವೇರಿ ಗೋಪಾಲಗೌಡರನ್ನು ಕುರಿತು ಮಾಡಿದ ಭಾಷಣ)



ಮಳೆ ಸುರಿಯುವ ಮಲೆನಾಡಿನ ಮನುಷ್ಯನ ಕಥೆ ಈ ತೊಗರಿ, ಜೋಳದ ಬಯಲಿನ ನಮಗೇಕೆ ಎಂದು ನಿಮ್ಮಲ್ಲಿ ಒಬ್ಬ ಹಿರಿಯರು ಸಭೆಗೆ ಮುಂಚೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಲೆಂದೇ ನಿಂತಿದ್ದೇನೆ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಬಡವರ ಮನೆ. 1942ರ ಚಳವಳಿಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅವರ ಜೊತೆ ಜೈಲು ಕಂಡವರಲ್ಲಿ ಅನೇಕರು ಅಧಿಕಾರದ ಬಾಗಿಲಿಗೆ ನಡೆದರು. ಇವರು ಸಮಾಜವಾದಿ ಪಕ್ಷಕ್ಕೆ ಬಂದರು, ಅಲ್ಲಿಂದ ಗೇಣಿದಾರನ ಗುಡಿಸಲಿಗೆ ಹೋದರು.

ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಹೆಚ್ಚಾಗಿ ದೀವರು. ಭೂಮಿ ಒಡೆಯರದು, ಬೆವರು ಇವರದು. ಗೇಣಿ ಭತ್ತವನ್ನು ಅಳೆದು ತೆಗೆದುಕೊಳ್ಳುವ ಕೊಳಗ ಮಾತ್ರ ಲೆಕ್ಕಕ್ಕಿಂತ ದೊಡ್ಡದು. ಹೆಚ್. ಗಣಪತಿಯಪ್ಪನವರು ಇವರನ್ನು ರೈತ ಸಂಘಕ್ಕೆ ಸೇರಿಸಿದರು. ಕೇಳಿದ್ದೇನು? ಅಳತೆ ಸರಿಯಾಗಲಿ, ಕೊಟ್ಟ ಗೇಣಿಗೆ ರಸೀದಿ ಸಿಗಲಿ. ಇಷ್ಟು ಕೇಳಿದ್ದಕ್ಕೆ ಅವರನ್ನು ಗದ್ದೆಯಿಂದ ಬಿಡಿಸಲಾಯಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸಮಾಜವಾದಿ ಪಕ್ಷ ಅದನ್ನು ತನ್ನದಾಗಿ ಮಾಡಿಕೊಂಡಿತು. ತಂಡ ತಂಡವಾಗಿ ಗದ್ದೆಗೆ ಇಳಿಯುವುದು, ನೇಗಿಲು ಹೂಡುವುದು, ಪೊಲೀಸರು ಬಂದರೆ ಜೈಲಿಗೆ ನಡೆಯುವುದು. ಗೋಪಾಲಗೌಡರು ಆ ಹೋರಾಟದ ಮುಂದಾಳಾದರು. ಜೂನ್‌ನಲ್ಲಿ ಲೋಹಿಯಾ ಅವರೇ ಬಂದು ಬಂಧಿತರಾದರು. ಆಗ ದೇಶವೆಲ್ಲ ಕಾಗೋಡಿನ ಕಡೆ ತಿರುಗಿ ನೋಡಿತು.

ಆ ಹೊತ್ತಿನಲ್ಲಿ ನಮ್ಮ ಸೀಮೆಯ ಸ್ಥಿತಿ ಏನಿತ್ತು? ನಾವು ಹೈದರಾಬಾದ್ ಸಂಸ್ಥಾನದವರು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿ ಕಾನೂನು ಬಂತು. ಕಾಗದದ ಮೇಲೆ ನಾವು ಮೈಸೂರಿಗಿಂತ ಮುಂದೆ ಇದ್ದೆವು. ಆದರೆ ಕಾನೂನು ಬಂದ ಮಾತ್ರಕ್ಕೆ ಹೊಲ ಕೈಗೆ ಬರಲಿಲ್ಲ. ಗೌಡನ ಮಾತು, ಪಟವಾರಿಯ ಬರಹ, ಇವುಗಳ ನಡುವೆ ಉಳುವವನ ಹೆಸರು ಎಲ್ಲೋ ಕಳೆದುಹೋಯಿತು.

ಮತ್ತೆ ಗೋಪಾಲಗೌಡರ ಕಡೆಗೆ ಬರೋಣ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಸಾಗರ-ಹೊಸನಗರ ಕ್ಷೇತ್ರದಿಂದ ನಿಂತರು. ಎದುರಾಳಿ ಕಾಂಗ್ರೆಸ್ಸಿನ ಬದರಿನಾರಾಯಣರು. ಗೋಪಾಲಗೌಡರ ಹತ್ತಿರ ಹಣವಿಲ್ಲ. ಒಂದು ಓಟಿನ ಜೊತೆ ಒಂದು ನೋಟನ್ನೂ ಕೊಡಿ ಎಂದು ಜನರನ್ನೇ ಕೇಳಿದರು. ಜನ ಕೊಟ್ಟರು, ಗೆಲ್ಲಿಸಿದರು. ಇಂದು ಓಟಿಗೆ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ.

99 ಸ್ಥಾನಗಳ ಸಭೆಯಲ್ಲಿ ಸಮಾಜವಾದಿಗಳು ಬೆರಳೆಣಿಕೆಯಷ್ಟು. 1957ರಲ್ಲಿ ಅವರು ಸೋತರು. 1962ರಲ್ಲಿ, 1967ರಲ್ಲಿ ಮತ್ತೆ ಗೆದ್ದರು. ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಸದನದಲ್ಲಿ ಅವರು ಪಟ್ಟು ಹಿಡಿದ ವಿಷಯಗಳು ಮೂರು: ಉಳುವವನಿಗೆ ಭೂಮಿ, ಆಡಳಿತಕ್ಕೆ ಜನರ ಭಾಷೆ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು. ಭಾಷೆಯ ಮಾತಿನ ತೂಕ ನಮ್ಮ ಸೀಮೆಗೆ ಬೇಗ ಅರ್ಥವಾಗುತ್ತದೆ. ತನ್ನದೇ ಹೊಲದ ಕಾಗದವನ್ನು ಉರ್ದುವಿನಲ್ಲಿ ಹಿಡಿದುಕೊಂಡು, ಓದಿ ಹೇಳುವವರನ್ನು ಹುಡುಕಿ ಅಲೆದ ಅಜ್ಜಂದಿರ ಮೊಮ್ಮಕ್ಕಳು ನಾವು. ಅವರ ಒಡನಾಡಿ ಜೆ.ಹೆಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತನಾಡಿದ್ದು ಇದೇ ಪಾಠದ ಫಲ.

1972ರ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ಆಗ ವಯಸ್ಸು 49. ಮರುವರ್ಷ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಕಾನೂನು ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಎರಡನ್ನೂ ನೋಡಲು ಅವರು ಇರಲಿಲ್ಲ. ಕಾಗೋಡಿನಲ್ಲಿ ನೇಗಿಲು ಹೂಡಿದ 23 ವರ್ಷಗಳ ನಂತರ ಕಾನೂನು ಅಲ್ಲಿಗೆ ತಲುಪಿತು. ಹೋರಾಟ ಸೋತಿತೆಂದು 1951ರಲ್ಲೇ ನಕ್ಕವರು ಈ ಲೆಕ್ಕವನ್ನು ಮರೆಯಬಾರದು.

ಈಗ ಕಹಿಯಾದ ಮಾತು. 1974ರ ಕಾನೂನಿನ ಫಲ ಹೆಚ್ಚಾಗಿ ದೊರೆತದ್ದು ಕರಾವಳಿ, ಮಲೆನಾಡುಗಳಲ್ಲಿ. ಅಲ್ಲಿ ಗೇಣಿ ವ್ಯಾಪಕವಾಗಿತ್ತು, ಸಂಘವೂ ಇತ್ತು. ಗೇಣಿದಾರ ಭೂನ್ಯಾಯ ಮಂಡಳಿಯ ಮುಂದೆ ಅರ್ಜಿ ಹಿಡಿದು ನಿಂತ. ನಮ್ಮ ಕಡೆ ಪಾಲಿನ ಸಾಗುವಳಿ ಬಾಯಿ ಮಾತಿನದು. ಕಾಗದವಿಲ್ಲ, ಸಾಕ್ಷಿ ಹೇಳಲು ಊರಿಗೆ ಧೈರ್ಯವಿಲ್ಲ. ಆಗ ತಪ್ಪಿದ್ದು ಇಂದಿಗೂ ತಪ್ಪುತ್ತಲೇ ಇದೆ. 2022ರ ಹಂಗಾಮಿನಲ್ಲಿ ನೆಟೆರೋಗ ಬಂದು ತೊಗರಿ ನಿಂತಲ್ಲೇ ಒಣಗಿತು. ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನು ಪಾಲಿಗೆ ಮಾಡಿದ ರೈತ. ಪರಿಹಾರವಾಗಲಿ ವಿಮೆಯಾಗಲಿ ಹುಡುಕುವುದು ಪಹಣಿಯಲ್ಲಿರುವ ಹೆಸರನ್ನು. ಪಹಣಿಯಲ್ಲಿ ಅವನಿಲ್ಲ! ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಬೆಳೆಗೆ ಗುರುತು ಸಿಕ್ಕಿತು, ಬೆಳೆದವನಿಗೆ ಸಿಗಲಿಲ್ಲ. ಇನ್ನು 2020ರ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಕೃಷಿಕನಲ್ಲದವನೂ ಹೊಲ ಕೊಳ್ಳಲು ದಾರಿ ಮಾಡಿತು. ಸಾಲಕ್ಕೆ ಸಿಕ್ಕಿದ ಎರಡೆಕರೆಯವನು ಮೊದಲು ಮಾರುತ್ತಾನೆ. ನಾಳೆ ಅದೇ ಹೊಲದಲ್ಲಿ ಅವನೇ ಪಾಲಿಗೆ ನಿಲ್ಲುತ್ತಾನೆ.

ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇದು. ಅಲ್ಲಿ ಕೊಳಗ, ಇಲ್ಲಿ ತಕ್ಕಡಿ. ಅಲ್ಲಿ ರಸೀದಿ, ಇಲ್ಲಿ ಪಹಣಿ. ಗೋಪಾಲಗೌಡರು ಮೊದಲು ಗದ್ದೆಯಲ್ಲಿ ನಿಂತು ಆಮೇಲೆ ಸದನಕ್ಕೆ ಹೋದರು. ಆದ್ದರಿಂದಲೇ ಅವರ ಒಬ್ಬರ ಮಾತಿಗೆ ಅಷ್ಟು ತೂಕವಿತ್ತು. ಗದ್ದೆಯಲ್ಲಿ ಸಂಘವಿಲ್ಲದೆ ಶಾಸಕನನ್ನಷ್ಟೇ ಕಳಿಸಿದರೆ ಅವನು ಬೆಂಗಳೂರಿನವನಾಗಿಬಿಡುತ್ತಾನೆ. ಆ ತಪ್ಪು ಅವನದಷ್ಟೇ ಅಲ್ಲ, ನಮ್ಮದೂ ಹೌದು.

ಆದಕಾರಣ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಊರಿಗೆ ಹೋದ ಮೇಲೆ ಪಾಲಿಗೆ, ಲಾವಣಿಗೆ ಹೊಲ ಮಾಡುವವರ ಪಟ್ಟಿ ಬರೆಯಿರಿ. ಹೆಸರು, ಸರ್ವೆ ನಂಬರು, ಎಕರೆ, ಎಷ್ಟು ವರ್ಷದಿಂದ, ಎಷ್ಟು ಪಾಲು. ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ, ಹೊಲದಲ್ಲಿ ಹೆಚ್ಚು ಬಗ್ಗುವವರು ಅವರೇ. ಮೂರು ತಾಲೂಕುಗಳ ಪಟ್ಟಿಗಳು ಕೂಡಿದ ದಿನ ಅವನ್ನು ಹೊತ್ತುಕೊಂಡು ತಹಶೀಲ್ದಾರರ ಕಚೇರಿಗೆ ಹೋಗೋಣ. ಓಟು ಕೇಳಲು ಬಂದವರ ಕೈಗೂ ಒಂದು ಪ್ರತಿ ಕೊಡೋಣ. ಕಾಗೋಡಿನವರು ಕೇಳಿದ್ದೂ ಒಂದು ರಸೀದಿಯನ್ನೇ.